ಮೈಲೋಪೆರಾಕ್ಸಿಡೇಸ್ ಅಳೆಯುವ ಎಲೈಸಾ ಕಿಟ್: ಪದೇ ಪದೇ ಕೇಳುವ ಪ್ರಶ್ನೆಗಳು

ರಕ್ತ, ಅಂಗಾಂಶ, ಕಫ ಅಥವಾ ಮಲದಲ್ಲಿರುವ ಮೈಲೋಪೆರಾಕ್ಸಿಡೇಸ್ ಎಂಬ ಕಿಣ್ವವನ್ನು ಎಲೈಸಾ ಕಿಟ್‌ನಿಂದ (ಪ್ರತಿಕಾಯಗಳಿಂದ ಹಿಡಿದು, ಬಣ್ಣದ ಗಾಢತೆಯಿಂದ ಪ್ರಮಾಣ ತಿಳಿಯುವ ಪರೀಕ್ಷೆ) ಅಳೆಯಲು ಹೊರಟ ಸ್ನಾತಕೋತ್ತರ ವಿದ್ಯಾರ್ಥಿಗಳು, ಪ್ರಯೋಗಾಲಯ ತಂತ್ರಜ್ಞರು ಮತ್ತು ಸಂಶೋಧಕರು ಮತ್ತೆ ಮತ್ತೆ ಕೇಳುವ ಪ್ರಶ್ನೆಗಳಿಗೆ ಇಲ್ಲಿ ಉತ್ತರಗಳಿವೆ. ಇವು ಕಿಟ್‌ನೊಂದಿಗೆ ಬರುವ ಕೈಪಿಡಿಗೆ ಬದಲಿಯಲ್ಲ. ಪ್ರಮಾಣ, ಸಮಯ ಮತ್ತು ತಾಪದ ವಿಷಯದಲ್ಲಿ ಇಲ್ಲಿಗೂ ಕೈಪಿಡಿಗೂ ವ್ಯತ್ಯಾಸ ಕಂಡರೆ ಕೈಪಿಡಿಯನ್ನೇ ಅನುಸರಿಸಬೇಕು. ಕೈಪಿಡಿ ಒಂದೇ ಸಾಲಿನಲ್ಲಿ ಹೇಳಿ ಮುಗಿಸುವ, ಆದರೆ ಇಡೀ ಅಧ್ಯಯನವನ್ನೇ ಕೆಡಿಸಬಲ್ಲ ಕೆಲವು ಸಂಗತಿಗಳನ್ನು ಬಿಡಿಸಿ ಹೇಳುವುದು ಈ ಪುಟದ ಉದ್ದೇಶ.

ಮೈಲೋಪೆರಾಕ್ಸಿಡೇಸ್ ಎಂದರೇನು, ಅದನ್ನು ಏಕೆ ಅಳೆಯುತ್ತಾರೆ?

ನಮ್ಮ ರಕ್ತದ ಬಿಳಿ ಕಣಗಳಲ್ಲಿ ಬಹುಸಂಖ್ಯೆಯಲ್ಲಿರುವ ನ್ಯೂಟ್ರೋಫಿಲ್‌ಗಳು ಬ್ಯಾಕ್ಟೀರಿಯಾಗಳನ್ನು ನುಂಗಿ ಕೊಲ್ಲಲು ಬಳಸುವ ಕಿಣ್ವವಿದು. ನ್ಯೂಟ್ರೋಫಿಲ್‌ನ ಒಳಗಿನ ಪ್ರಾಥಮಿಕ ಕಣಿಕೆಗಳಲ್ಲಿ ಇದು ತುಂಬಿಕೊಂಡಿರುತ್ತದೆ. ಆ ಕೋಶದ ಒಣ ತೂಕದಲ್ಲಿ ಶೇ. 5ರವರೆಗೂ ಇದರದೇ ಪಾಲು. ಹೈಡ್ರೋಜನ್ ಪೆರಾಕ್ಸೈಡ್ ಮತ್ತು ಕ್ಲೋರೈಡನ್ನು ಬಳಸಿಕೊಂಡು ಹೈಪೋಕ್ಲೋರಸ್ ಆಮ್ಲವನ್ನು ತಯಾರಿಸುವುದು ಇದರ ಕೆಲಸ. ನೆಲ ಒರೆಸುವ ಬ್ಲೀಚ್ ದ್ರಾವಣದಲ್ಲಿ ಸೂಕ್ಷ್ಮಜೀವಿಗಳನ್ನು ಕೊಲ್ಲುವ ವಸ್ತುವೂ ಇದೇ. ಕೀವಿಗೆ ಹಸಿರು ಛಾಯೆ ಬರುವುದು ಈ ಕಿಣ್ವದ ಹೀಮ್ ಭಾಗದಿಂದ. ಸ್ವೀಡನ್ನಿನ ಶೆಲ್ ಆಗ್ನರ್ 1941ರಲ್ಲಿ ಇದನ್ನು ಬೇರ್ಪಡಿಸಿದಾಗ ಆ ಬಣ್ಣದ ಕಾರಣದಿಂದಲೇ ವರ್ಡೊಪೆರಾಕ್ಸಿಡೇಸ್ ಎಂದು ಕರೆದಿದ್ದರು. ಈಗ ಎಲ್ಲರೂ ಎಂಪಿಒ ಎಂದು ಚಿಕ್ಕದಾಗಿ ಹೇಳುತ್ತಾರೆ. ಮುಂದೆ ಇಲ್ಲಿಯೂ ಅದೇ ಹೆಸರನ್ನು ಬಳಸಲಾಗಿದೆ.

ನ್ಯೂಟ್ರೋಫಿಲ್ ಕೆರಳಿದಾಗ ಎಂಪಿಒ ಕೋಶದ ಹೊರಗೆ ಚೆಲ್ಲುತ್ತದೆ. ಹಾಗಾಗಿ ಪ್ಲಾಸ್ಮಾದಲ್ಲಿರುವ (ಹೆಪ್ಪುಗಟ್ಟದ ರಕ್ತದಿಂದ ಕಣಗಳನ್ನು ಬೇರ್ಪಡಿಸಿದಾಗ ಉಳಿಯುವ ದ್ರವ) ಎಂಪಿಒ ಪ್ರಮಾಣವು ಉರಿಯೂತದ ಒಂದು ಸೂಚಕ. ಎದೆನೋವೆಂದು ತುರ್ತು ಚಿಕಿತ್ಸಾ ಘಟಕಕ್ಕೆ ಬಂದ 604 ಮಂದಿಯ ರಕ್ತದಲ್ಲಿ ಇದನ್ನು ಅಳೆದ ಅಮೆರಿಕದ ಅಧ್ಯಯನವೊಂದು 2003ರಲ್ಲಿ ಪ್ರಕಟವಾಯಿತು. ಆರಂಭದ ಪ್ರಮಾಣ ಹೆಚ್ಚಿದ್ದವರಲ್ಲಿ ಮುಂದಿನ ತಿಂಗಳುಗಳಲ್ಲಿ ಹೃದಯಾಘಾತದಂಥ ತೊಂದರೆಗಳು ಹೆಚ್ಚಾಗಿ ಕಂಡವು. ಹೃದಯ, ಶ್ವಾಸಕೋಶ, ಮೂತ್ರಪಿಂಡ, ವಸಡು ಮತ್ತು ಕರುಳಿನ ಕಾಯಿಲೆಗಳ ಅಧ್ಯಯನಗಳಲ್ಲಿ ಇಂದು ಎಂಪಿಒ ಅಳತೆ ಸಾಮಾನ್ಯವಾಗಿದೆ.

ಕಿಟ್ ಹೇಗೆ ಕೆಲಸ ಮಾಡುತ್ತದೆ?

ಬಹುತೇಕ ಎಂಪಿಒ ಕಿಟ್‌ಗಳು ಸ್ಯಾಂಡ್‌ವಿಚ್ ಬಗೆಯವು. ವೆಲ್ ಎನ್ನುವ ತೊಂಬತ್ತಾರು ಸಣ್ಣ ಗುಳಿಗಳಿರುವ ಪ್ಲಾಸ್ಟಿಕ್ ತಟ್ಟೆಯ ಪ್ರತಿ ವೆಲ್‌ನ ತಳದಲ್ಲಿ ಎಂಪಿಒವನ್ನು ಹಿಡಿಯುವ ಪ್ರತಿಕಾಯವನ್ನು ಮೊದಲೇ ಲೇಪಿಸಿರುತ್ತಾರೆ. ಮಾದರಿಯನ್ನು ಹಾಕಿದಾಗ ಅದರಲ್ಲಿರುವ ಎಂಪಿಒ ಆ ಪ್ರತಿಕಾಯಕ್ಕೆ ಅಂಟಿಕೊಳ್ಳುತ್ತದೆ, ಉಳಿದದ್ದು ತೊಳೆದುಹೋಗುತ್ತದೆ. ಆಮೇಲೆ ಎಂಪಿಒದ ಇನ್ನೊಂದು ಭಾಗವನ್ನು ಗುರುತಿಸುವ ಎರಡನೆಯ ಪ್ರತಿಕಾಯವನ್ನು ಹಾಕುತ್ತೇವೆ. ಅದಕ್ಕೆ ಸಾಮಾನ್ಯವಾಗಿ ಬಯೋಟಿನ್ ಎಂಬ ವಿಟಮಿನ್ ಜೋಡಿಸಿರುತ್ತದೆ. ಬಯೋಟಿನ್‌ಗೆ ಗಟ್ಟಿಯಾಗಿ ಅಂಟುವ ಸ್ಟ್ರೆಪ್ಟಾವಿಡಿನ್ ಎಂಬ ಪ್ರೋಟೀನು, ಅದರ ಬೆನ್ನಿಗೆ ಹಾರ್ಸ್‌ರ‍್ಯಾಡಿಶ್ ಪೆರಾಕ್ಸಿಡೇಸ್ ಎಂಬ ಗುರುತು ಕಿಣ್ವ, ಕೊನೆಗೆ ಟಿಎಂಬಿ ಎಂಬ ಬಣ್ಣಕಾರಿ ದ್ರಾವಣ. ನೀಲಿ ಬಣ್ಣ ಮೂಡಿದ ಬಳಿಕ ಆಮ್ಲ ಹಾಕಿ ನಿಲ್ಲಿಸಿದರೆ ಹಳದಿಯಾಗುತ್ತದೆ. ಅದನ್ನು 450 ನ್ಯಾನೊಮೀಟರ್‌ನಲ್ಲಿ ಓದುತ್ತೇವೆ. ಎಂಪಿಒ ಹೆಚ್ಚಿದ್ದಷ್ಟೂ ಹಳದಿ ಗಾಢವಾಗುತ್ತದೆ.

ವಿಕಿರಣಶೀಲ ವಸ್ತುವಿನ ಬದಲು ಕಿಣ್ವವನ್ನೇ ಗುರುತಾಗಿ ಬಳಸುವ ಈ ವಿಧಾನವನ್ನು 1971ರಲ್ಲಿ ಸ್ಟಾಕ್‌ಹೋಮ್‌ನಲ್ಲಿ ಈವಾ ಎಂಗ್‌ವಾಲ್ ಮತ್ತು ಪೀಟರ್ ಪರ್ಲ್‌ಮನ್ ಪ್ರಕಟಿಸಿದರು. ನೆದರ್ಲೆಂಡ್ಸ್‌ನಲ್ಲಿ ವಾನ್ ವೀಮೆನ್ ಮತ್ತು ಸ್ಖೂರ್ಸ್ ಕೂಡ ಅದೇ ವರ್ಷ ಸ್ವತಂತ್ರವಾಗಿ ಇದೇ ದಾರಿಗೆ ಬಂದಿದ್ದರು.

ಈ ಕಿಟ್ ಅಳೆಯುವುದು ಕಿಣ್ವದ ಚಟುವಟಿಕೆಯನ್ನೇ?

ಅಲ್ಲ. ಈ ತಪ್ಪು ತಿಳಿವಳಿಕೆ ಎಷ್ಟು ವ್ಯಾಪಕವೆಂದರೆ, ಎಲೈಸಾದಿಂದ ಬಂದ ಸಂಖ್ಯೆಯನ್ನು 'ಎಂಪಿಒ ಚಟುವಟಿಕೆ' ಎಂಬ ತಲೆಬರಹದ ಕೆಳಗೆ ಬರೆದ ಪ್ರಬಂಧಗಳನ್ನು ನಾನು ಹಲವು ಬಾರಿ ಓದಿದ್ದೇನೆ. ಪ್ರತಿಕಾಯವು ಪ್ರೋಟೀನಿನ ಆಕಾರವನ್ನು ಗುರುತಿಸುತ್ತದೆಯೇ ಹೊರತು ಆ ಪ್ರೋಟೀನು ಕೆಲಸ ಮಾಡುತ್ತಿದೆಯೋ ಇಲ್ಲವೋ ಎಂಬುದನ್ನಲ್ಲ. ಎಂಪಿಒ ವಿಷಯದಲ್ಲಿ ಈ ವ್ಯತ್ಯಾಸಕ್ಕೆ ವಿಶೇಷ ಮಹತ್ವವಿದೆ. ಏಕೆಂದರೆ ತಾನೇ ತಯಾರಿಸಿದ ಹೈಪೋಕ್ಲೋರಸ್ ಆಮ್ಲದಿಂದ ಈ ಕಿಣ್ವ ಹಾಳಾಗಿ ನಿಷ್ಕ್ರಿಯವಾಗಬಲ್ಲದು, ರಕ್ತದಲ್ಲಿರುವ ಸೆರುಲೋಪ್ಲಾಸ್ಮಿನ್ ಎಂಬ ಪ್ರೋಟೀನು ಇದಕ್ಕೆ ಅಂಟಿಕೊಂಡು ಇದರ ಕೆಲಸವನ್ನು ತಡೆಯಬಲ್ಲದು. ಇಂಥ ನಿಷ್ಕ್ರಿಯ ಅಣುಗಳೂ ಎಲೈಸಾದಲ್ಲಿ ಎಣಿಕೆಗೆ ಬರುತ್ತವೆ. ಆದ್ದರಿಂದ ಎಲೈಸಾ ಫಲಿತಾಂಶವನ್ನು 'ಪ್ರಮಾಣ' ಅಥವಾ 'ಸಾಂದ್ರತೆ' ಎಂದೇ ಬರೆಯಬೇಕು, ನ್ಯಾನೊಗ್ರಾಂ ಪ್ರತಿ ಮಿಲಿಲೀಟರ್ ಎಂಬ ಮಾನದಲ್ಲಿ. 'ಯೂನಿಟ್' ಎಂಬ ಮಾನ ಚಟುವಟಿಕೆಯ ಪರೀಕ್ಷೆಗೆ ಸೇರಿದ್ದು.

ಚಟುವಟಿಕೆಯೇ ಬೇಕಾದವರಿಗೆ ಬೇರೆ ದಾರಿಗಳಿವೆ. ಪ್ರತಿಕಾಯದಿಂದ ಎಂಪಿಒವನ್ನು ಮೊದಲು ಹಿಡಿದು, ಅಡ್ಡಿಪಡಿಸುವ ವಸ್ತುಗಳನ್ನೆಲ್ಲ ತೊಳೆದು, ಹಿಡಿದಿಟ್ಟ ಕಿಣ್ವದ ಕೆಲಸವನ್ನೇ ಅಳೆಯುವ ವಿಧಾನವನ್ನು ಬೆಲ್ಜಿಯಂನ ಲಿಯೇಜ್‌ನಲ್ಲಿ ಕುದುರೆಗಳ ಉರಿಯೂತದ ಅಧ್ಯಯನಕ್ಕಾಗಿ ರೂಪಿಸಿದ್ದಾರೆ. ಸಾಧ್ಯವಿದ್ದಲ್ಲಿ ಪ್ರಮಾಣ ಮತ್ತು ಚಟುವಟಿಕೆ ಎರಡನ್ನೂ ಒಂದೇ ಮಾದರಿಯಲ್ಲಿ ಅಳೆದವರ ಫಲಿತಾಂಶಗಳು ಹೆಚ್ಚು ಅರ್ಥಪೂರ್ಣವಾಗಿರುತ್ತವೆ.

ಎಂಪಿಒ ಕೂಡ ಪೆರಾಕ್ಸಿಡೇಸ್, ಕಿಟ್‌ನ ಗುರುತು ಕಿಣ್ವವೂ ಪೆರಾಕ್ಸಿಡೇಸ್. ಎರಡೂ ಸೇರಿ ಬಣ್ಣ ಬಂದುಬಿಡುವುದಿಲ್ಲವೇ?

ಇದು ಬಹಳ ಒಳ್ಳೆಯ ಪ್ರಶ್ನೆ. ಕೇಳಬೇಕಾದಷ್ಟು ಜನ ಇದನ್ನು ಕೇಳುವುದಿಲ್ಲ. ವೆಲ್‌ನ ತಳದಲ್ಲಿ ಸಿಕ್ಕಿಕೊಂಡ ಎಂಪಿಒ ಇನ್ನೂ ಸಕ್ರಿಯವಾಗಿದ್ದರೆ ಅದಕ್ಕೂ ಟಿಎಂಬಿಯನ್ನು ಬಣ್ಣಕ್ಕೆ ತಿರುಗಿಸುವ ಶಕ್ತಿಯಿದೆ. ಒಳ್ಳೆಯ ಕಿಟ್‌ಗಳಲ್ಲಿ ಗುರುತು ಕಿಣ್ವದ ಬಣ್ಣದ ಮುಂದೆ ಇದರ ಪಾಲು ಗಣನೆಗೆ ಬಾರದಷ್ಟು ಕಡಿಮೆಯಿರುತ್ತದೆ. ಆದರೂ ನಂಬಿಕೆಯ ಮೇಲೆ ಬಿಡುವ ಬದಲು ಒಮ್ಮೆ ನೋಡಿಯೇಬಿಡುವುದು ಮೇಲು. ಎಂಪಿಒ ಹೆಚ್ಚಿರುವ ಒಂದು ಮಾದರಿಯನ್ನು ಎರಡು ವೆಲ್‌ಗಳಿಗೆ ಹಾಕಿ, ಅವಕ್ಕೆ ಸ್ಟ್ರೆಪ್ಟಾವಿಡಿನ್-ಪೆರಾಕ್ಸಿಡೇಸ್ ದ್ರಾವಣದ ಬದಲು ಬರಿಯ ಬಫರ್ (ಪಿಎಚ್ ಸ್ಥಿರವಾಗಿಡುವ ದ್ರಾವಣ) ಹಾಕಿ, ಉಳಿದ ಹಂತಗಳನ್ನೆಲ್ಲ ಎಂದಿನಂತೆ ಮಾಡಿ. ಅಲ್ಲಿ ಬಣ್ಣ ಬರದಿದ್ದರೆ ನಿಶ್ಚಿಂತೆ. ಬಂದರೆ ಕಿಟ್ ಬದಲಿಸಬೇಕು, ಇಲ್ಲವೇ ಆಲ್ಕಲೈನ್ ಫಾಸ್ಫಟೇಸ್‌ನಂಥ ಬೇರೆ ಗುರುತು ಕಿಣ್ವ ಬಳಸುವ ಕಿಟ್ ಹುಡುಕಬೇಕು.

ಇದೇ ಕಾರಣಕ್ಕೆ ಇನ್ನೊಂದು ಮಾತು: ಮಾದರಿ ಕೆಡದಿರಲೆಂದು ಸೋಡಿಯಂ ಅಜೈಡ್ ಬೆರೆಸುವ ಅಭ್ಯಾಸ ಕೆಲವೆಡೆ ಇದೆ. ಅಜೈಡ್ ಪೆರಾಕ್ಸಿಡೇಸ್‌ಗಳನ್ನು ತಡೆಯುತ್ತದೆ. ಬಫರ್‌ನಲ್ಲೋ ತೊಳೆಯುವ ದ್ರಾವಣದಲ್ಲೋ ಅದು ಉಳಿದುಕೊಂಡರೆ ಇಡೀ ತಟ್ಟೆ ಬಣ್ಣವಿಲ್ಲದೆ ಉಳಿಯಬಹುದು.

ಸೀರಮ್ ಒಳ್ಳೆಯದೋ, ಪ್ಲಾಸ್ಮಾ ಒಳ್ಳೆಯದೋ?

ಎಂಪಿಒಗೆ ಇಡಿಟಿಎ ಪ್ಲಾಸ್ಮಾ, ಅಂದರೆ ರಕ್ತ ಹೆಪ್ಪುಗಟ್ಟದಂತೆ ತಡೆಯುವ ಇಡಿಟಿಎ ಎಂಬ ವಸ್ತುವಿರುವ ಕೊಳವೆಗೆ ತೆಗೆದ ರಕ್ತದ ಪ್ಲಾಸ್ಮಾ. ಸೀರಮ್ ಎಂದರೆ ರಕ್ತ ಹೆಪ್ಪುಗಟ್ಟಿದ ಮೇಲೆ ಬೇರ್ಪಡುವ ದ್ರವ. ಕೈಪಿಡಿಯಲ್ಲಿ 'ಸೀರಮ್, ಪ್ಲಾಸ್ಮಾ ಎರಡೂ ನಡೆಯುತ್ತವೆ' ಎಂದು ಬರೆದಿದ್ದರೆ, ಎರಡರಲ್ಲೂ ಕಿಟ್‌ಗೆ ಅಳೆಯಲು ಬರುತ್ತದೆ ಎಂಬುದಷ್ಟೇ ಅದರ ಅರ್ಥ. ಎರಡರ ಸಂಖ್ಯೆಗಳೂ ಒಂದೇ ಎಂದಲ್ಲ, ಎರಡೂ ರೋಗಿಯ ದೇಹದೊಳಗಿನ ಸ್ಥಿತಿಯನ್ನು ಒಂದೇ ರೀತಿ ಹೇಳುತ್ತವೆ ಎಂದೂ ಅಲ್ಲ.

ಕಾರಣ ಸರಳವಾಗಿದೆ. ನಮಗೆ ಬೇಕಾಗಿರುವುದು ರಕ್ತನಾಳದೊಳಗೆ ಇದ್ದಾಗಲೇ ನ್ಯೂಟ್ರೋಫಿಲ್‌ನಿಂದ ಹೊರಗೆ ಬಂದ ಎಂಪಿಒ. ಆದರೆ ಅದರ ಬಹುದೊಡ್ಡ ದಾಸ್ತಾನು ಕೋಶಗಳ ಒಳಗೇ ಇದೆ, ಆ ಕೋಶಗಳು ನಾವು ತೆಗೆದ ರಕ್ತದ ಕೊಳವೆಯಲ್ಲೇ ಇವೆ. ಸೀರಮ್‌ಗಾಗಿ ರಕ್ತ ಹೆಪ್ಪುಗಟ್ಟಲು ಬಿಟ್ಟಾಗ ನ್ಯೂಟ್ರೋಫಿಲ್‌ಗಳು ಕೆರಳಿ ಎಂಪಿಒವನ್ನು ಕೊಳವೆಯೊಳಗೇ ಚೆಲ್ಲುತ್ತವೆ. ಹಾಗಾಗಿ ಅದೇ ವ್ಯಕ್ತಿಯ ಪ್ಲಾಸ್ಮಾಕ್ಕಿಂತ ಸೀರಮ್‌ನಲ್ಲಿ ಎಂಪಿಒ ಹೆಚ್ಚು; ಎಷ್ಟು ಹೆಚ್ಚು ಎಂಬುದು ಹೆಪ್ಪುಗಟ್ಟಲು ಬಿಟ್ಟ ಸಮಯ, ಕೋಣೆಯ ತಾಪ, ಆ ವ್ಯಕ್ತಿಯ ನ್ಯೂಟ್ರೋಫಿಲ್ ಎಣಿಕೆ ಇವೆಲ್ಲವನ್ನೂ ಅವಲಂಬಿಸಿರುತ್ತದೆ. ಅಂದರೆ ಕಾಯಿಲೆಯ ಬದಲು ನಮ್ಮ ಕೆಲಸದ ರೀತಿಯನ್ನೇ ಅಳೆದಂತಾಗುತ್ತದೆ.

ನಾನು ಕೆಲಸ ಮಾಡಿದ ಒಂದು ಪ್ರಯೋಗಾಲಯದಲ್ಲಿ ನಡೆದ ಸಂಗತಿ ಇಂದಿಗೂ ನೆನಪಿದೆ. ವಿದ್ಯಾರ್ಥಿನಿಯೊಬ್ಬರ ಅಧ್ಯಯನದಲ್ಲಿ ರೋಗಿಗಳ ಎಂಪಿಒ ಆರೋಗ್ಯವಂತರದಕ್ಕಿಂತ ಬಹಳ ಹೆಚ್ಚು ಬಂದಿತ್ತು, ಎಲ್ಲರಿಗೂ ಸಂತೋಷವಾಗಿತ್ತು. ಆಮೇಲೆ ದಾಖಲೆ ಪುಸ್ತಕ ತೆರೆದು ನೋಡಿದರೆ, ಆರೋಗ್ಯವಂತರೆಲ್ಲ ಬೆಳಿಗ್ಗೆ ವಿಭಾಗಕ್ಕೇ ಬಂದು ರಕ್ತ ಕೊಟ್ಟವರು, ಅವರ ಕೊಳವೆಗಳು ಕೂಡಲೇ ಸೆಂಟ್ರಿಫ್ಯೂಜ್ ಸೇರಿದ್ದವು. ರೋಗಿಗಳ ಕೊಳವೆಗಳು ವಾರ್ಡಿನಿಂದ ಬರಲು ಕೆಲವೊಮ್ಮೆ ಮೂರು-ನಾಲ್ಕು ಗಂಟೆ ತೆಗೆದುಕೊಂಡಿದ್ದವು. ಕಂಡ ವ್ಯತ್ಯಾಸದಲ್ಲಿ ಕಾಯಿಲೆಯ ಪಾಲೆಷ್ಟು, ಕಾಯ್ದ ಗಂಟೆಗಳ ಪಾಲೆಷ್ಟು ಎಂದು ಬೇರ್ಪಡಿಸಲು ಯಾವ ಅಂಕಿಅಂಶ ಶಾಸ್ತ್ರದಿಂದಲೂ ಆಗಲಿಲ್ಲ. ಆ ಮಾದರಿಗಳನ್ನೆಲ್ಲ ಬಿಟ್ಟು ಮತ್ತೆ ಮೊದಲಿನಿಂದ ಆರಂಭಿಸಬೇಕಾಯಿತು. ಆ ರೋಗಿಗಳು ನಂಬಿಕೆಯಿಂದ ಕೊಟ್ಟ ರಕ್ತ ವ್ಯರ್ಥವಾಯಿತಲ್ಲ ಎಂಬ ನೋವು ನನಗೆ ಕಿಟ್‌ನ ಬೆಲೆಗಿಂತ ದೊಡ್ಡದಾಗಿ ಕಂಡಿತು.

ಹಾಗಾದರೆ ರಕ್ತ ತೆಗೆದ ಬಳಿಕ ಏನೇನು ಮಾಡಬೇಕು?

ಇಡಿಟಿಎ ಕೊಳವೆಗೆ ರಕ್ತ ತೆಗೆದು, ಕುಲುಕದೆ ಮೆಲ್ಲಗೆ ತಲೆಕೆಳಗು ಮಾಡಿ ಬೆರೆಸಿ, ಕೂಡಲೇ ಮಂಜುಗಡ್ಡೆಯ ಮೇಲಿಡಿ. ಸಾಧ್ಯವಾದರೆ ಅರ್ಧ ಗಂಟೆಯೊಳಗೆ ತಂಪು ಸೆಂಟ್ರಿಫ್ಯೂಜ್‌ನಲ್ಲಿ ಪ್ಲಾಸ್ಮಾ ಬೇರ್ಪಡಿಸಿ. ಎಲ್ಲ ಮಾದರಿಗಳಿಗೂ, ರೋಗಿಯದಿರಲಿ ಆರೋಗ್ಯವಂತರದಿರಲಿ, ಒಂದೇ ಸಮಯ ಮಿತಿ ಇರಬೇಕು; ರಕ್ತ ತೆಗೆದ ಸಮಯ ಮತ್ತು ಬೇರ್ಪಡಿಸಿದ ಸಮಯ ಎರಡನ್ನೂ ಬರೆದಿಡಬೇಕು.

ಸೆಂಟ್ರಿಫ್ಯೂಜ್‌ನ ವೇಗವನ್ನು ನಿಮಿಷಕ್ಕೆ ಎಷ್ಟು ಸುತ್ತು ಎಂದು ಬರೆದರೆ ಸಾಲದು. ಹತ್ತು ಸೆಂಟಿಮೀಟರ್ ತ್ರಿಜ್ಯದ ಯಂತ್ರದಲ್ಲಿ ನಿಮಿಷಕ್ಕೆ 3000 ಸುತ್ತು ಎಂದರೆ ಗುರುತ್ವದ ಸುಮಾರು 1000 ಪಟ್ಟು ಬಲ. ಹದಿನೈದು ಸೆಂಟಿಮೀಟರಿನ ಯಂತ್ರದಲ್ಲಿ ಅದೇ ವೇಗಕ್ಕೆ ಸುಮಾರು 1500 ಪಟ್ಟು. ಬರೆಯಬೇಕಾದದ್ದು ಈ ಬಲವನ್ನು.

ಬೇರ್ಪಡಿಸಿದ ಪ್ಲಾಸ್ಮಾವನ್ನು ಹೊಸ ಕೊಳವೆಗೆ ತೆಗೆಯುವಾಗ ಕೆಂಪು ಕಣಗಳ ಮೇಲೆ ಕೂತ ಬಿಳಿ ಪದರವನ್ನು ಮುಟ್ಟಬೇಡಿ, ತಳದ ಸ್ವಲ್ಪ ಪ್ಲಾಸ್ಮಾವನ್ನು ಹಾಗೆಯೇ ಬಿಟ್ಟುಬಿಡಿ. ಆ ಪದರದಲ್ಲೇ ನ್ಯೂಟ್ರೋಫಿಲ್‌ಗಳೂ ಇರುವುದು. ಅವುಗಳಲ್ಲಿ ಕೆಲವು ಪ್ಲಾಸ್ಮಾದೊಂದಿಗೆ ಬಂದರೂ ಹಿಮಯಂತ್ರದಲ್ಲಿ ಹಿಮಗಟ್ಟಿಸಿ ಕರಗಿಸಿದಾಗ ಒಡೆದು ತಮ್ಮ ಎಂಪಿಒವನ್ನೆಲ್ಲ ಸುರಿಯುತ್ತವೆ. ಇದನ್ನು ತಪ್ಪಿಸಲು ಪ್ಲಾಸ್ಮಾವನ್ನು ಎರಡನೆಯ ಬಾರಿ ಸೆಂಟ್ರಿಫ್ಯೂಜ್ ಮಾಡುವುದು ಒಳ್ಳೆಯ ರೂಢಿ. ಹತ್ತು ನಿಮಿಷದ ಈ ಕೆಲಸಕ್ಕೆ ಸಮಾನವಾದ ಲಾಭ ಬೇರೆ ಯಾವ ಹಂತದಲ್ಲೂ ಇಲ್ಲ. ಆಮೇಲೆ ಒಂದೊಂದು ಬಾರಿಗೆ ಸಾಕಾಗುವಷ್ಟು ಸಣ್ಣ ಪಾಲುಗಳಾಗಿ ಹಂಚಿ, ಮೈನಸ್ 80 ಡಿಗ್ರಿಯಲ್ಲಿ ಇಡಿ. ಒಮ್ಮೆ ಕರಗಿಸಿದ್ದನ್ನು ಮತ್ತೆ ಹಿಮಗಟ್ಟಿಸಬೇಡಿ. ಹಿಮಯಂತ್ರಕ್ಕೆ ಜನರೇಟರ್ ಸಂಪರ್ಕ ಇದೆಯೇ ಎಂದು ಅಧ್ಯಯನ ಆರಂಭಿಸುವ ಮೊದಲೇ ವಿಚಾರಿಸಿಕೊಳ್ಳಿ.

ರೋಗಿಗೆ ಹೆಪಾರಿನ್ ಕೊಟ್ಟಿದ್ದರೆ ತೊಂದರೆಯೇ?

ಹೌದು. ಹೆಪಾರಿನ್ ರಕ್ತ ಹೆಪ್ಪುಗಟ್ಟದಂತೆ ಕೊಡುವ ಔಷಧ. ಎಂಪಿಒ ಬಲವಾದ ಧನ ವಿದ್ಯುದಂಶವುಳ್ಳ ಪ್ರೋಟೀನು. ರಕ್ತನಾಳದ ಒಳಗೋಡೆಯ ಋಣ ವಿದ್ಯುದಂಶದ ಸಕ್ಕರೆ ಸರಪಳಿಗಳಿಗೆ ಅದು ಅಂಟಿಕೊಂಡಿರುತ್ತದೆ. ಹೆಪಾರಿನ್ ಚುಚ್ಚುಮದ್ದು ಕೊಟ್ಟೊಡನೆ ಅಲ್ಲಿಂದ ಬಿಡಿಸಿಕೊಂಡು ಪ್ಲಾಸ್ಮಾಕ್ಕೆ ಇಳಿಯುತ್ತದೆ, ಪ್ರಮಾಣ ಏರುತ್ತದೆ. ಹೃದಯಾಘಾತದ ರೋಗಿಗಳಿಗೆ ತುರ್ತು ಘಟಕದಲ್ಲೇ ಹೆಪಾರಿನ್ ಕೊಡುವುದು ವಾಡಿಕೆಯಾದ್ದರಿಂದ, ರಕ್ತ ತೆಗೆದದ್ದು ಅದಕ್ಕೆ ಮೊದಲೋ ನಂತರವೋ ಎಂಬುದನ್ನು ಪ್ರತಿ ರೋಗಿಯ ಹಾಳೆಯಲ್ಲೂ ದಾಖಲಿಸಲೇಬೇಕು. ಹೆಪಾರಿನ್ ಕೊಳವೆಯಲ್ಲಿ ರಕ್ತ ತೆಗೆಯುವುದನ್ನೂ ಬಿಡುವುದೇ ಒಳಿತು.

ಅಂಗಾಂಶ, ಕಫ, ಮಲ ಇವುಗಳಲ್ಲಿ ಅಳೆಯಬಹುದೇ?

ಅಳೆಯಬಹುದು, ಆದರೆ ಪ್ರತಿಯೊಂದಕ್ಕೂ ಪೂರ್ವಸಿದ್ಧತೆ ಬೇರೆ. ಅಂಗಾಂಶವನ್ನು ಅರೆದಾಗ ಎಂಪಿಒ ಕಣಿಕೆಗಳಲ್ಲೇ ಸಿಕ್ಕಿಕೊಂಡು ತಳಕ್ಕೆ ಹೋಗುತ್ತದೆ. ಅದನ್ನು ಬಿಡಿಸಲು ಚಟುವಟಿಕೆಯ ಪರೀಕ್ಷೆಗಳಲ್ಲಿ ಆರು ಪಿಎಚ್‌ನ ಫಾಸ್ಫೇಟ್ ಬಫರ್‌ಗೆ ಶೇ. 0.5ರಷ್ಟು ಎಚ್‌ಟಿಎಬಿ ಎಂಬ ಮಾರ್ಜಕ ಸೇರಿಸುವುದು ಹಳೆಯ ರೂಢಿ. ಅದೇ ದ್ರಾವಣವನ್ನು ನೇರವಾಗಿ ಎಲೈಸಾ ತಟ್ಟೆಗೆ ಹಾಕಿದರೆ ಮಾರ್ಜಕವು ಪ್ರತಿಕಾಯಗಳ ಹಿಡಿತವನ್ನೇ ಸಡಿಲಿಸಬಹುದು. ಕಿಟ್ ತಯಾರಕರು ಹೇಳುವ ಬಫರ್ ಬಳಸಿ, ಅಥವಾ ಮಾರ್ಜಕ ನಗಣ್ಯವಾಗುವಷ್ಟು ತೆಳುಗೊಳಿಸಿ. ಫಲಿತಾಂಶವನ್ನು ಒಟ್ಟು ಪ್ರೋಟೀನಿನ ಪ್ರತಿ ಮಿಲಿಗ್ರಾಂಗೆ ಇಷ್ಟು ಎಂದು ಹೇಳಬೇಕು. ಆ ಪ್ರೋಟೀನ್ ಅಳತೆಗೆ ಬ್ರಾಡ್‌ಫರ್ಡ್ ವಿಧಾನ ಬಳಸುವವರು ಮಾರ್ಜಕ ಅದಕ್ಕೂ ಅಡ್ಡಿ ಮಾಡುತ್ತದೆ ಎಂಬುದನ್ನು ಮರೆಯಬಾರದು. ರಕ್ತವನ್ನು ತೊಳೆದು ತೆಗೆಯದ ಅಂಗಾಂಶದಲ್ಲಿ ಸಿಕ್ಕಿದ್ದು ಅಂಗಾಂಶಕ್ಕೆ ನುಗ್ಗಿದ ನ್ಯೂಟ್ರೋಫಿಲ್‌ನದೋ, ಅಲ್ಲಿ ಉಳಿದಿದ್ದ ರಕ್ತದ್ದೋ ಎಂದು ಹೇಳಲಾಗುವುದಿಲ್ಲ.

ಮಲದಲ್ಲಿರುವ ಎಂಪಿಒ ಕರುಳಿನ ಉರಿಯೂತದ ಸೂಚಕ. ತಮಿಳುನಾಡಿನ ವೆಲ್ಲೂರು ಸೇರಿದಂತೆ ಎಂಟು ದೇಶಗಳಲ್ಲಿ ಮಕ್ಕಳ ಕರುಳಿನ ಸೋಂಕು, ಅಪೌಷ್ಟಿಕತೆ ಮತ್ತು ಬೆಳವಣಿಗೆಯನ್ನು ಪರಿಶೀಲಿಸಿದ ಮಾಲ್-ಎಡ್ ಅಧ್ಯಯನದಲ್ಲಿ ಇದನ್ನು ಅಳೆದಿದ್ದಾರೆ. ಮಲಕ್ಕೆಂದೇ ರೂಪಿಸಿದ ಕಿಟ್ ಬೇರೆ. ಪ್ಲಾಸ್ಮಾದ ಕಿಟ್ ಅಲ್ಲಿ ಸಲ್ಲದು. ಕಫದ ವಿಷಯದಲ್ಲಿ, ಅದನ್ನು ಕರಗಿಸಲು ಬಳಸುವ ಡಿಟಿಟಿ ಎಂಬ ರಾಸಾಯನಿಕವು ಪ್ರತಿಕಾಯಗಳ ಮತ್ತು ಎಂಪಿಒದ ಗಂಧಕ ಬಂಧಗಳನ್ನು ಮುರಿಯಬಲ್ಲದೆಂಬ ಎಚ್ಚರ ಇರಬೇಕು.

ಮನುಷ್ಯರ ಕಿಟ್‌ನಿಂದ ಇಲಿಯ ಮಾದರಿ ಅಳೆಯಬಹುದೇ?

ಕೈಪಿಡಿಯಲ್ಲಿ ಆ ಪ್ರಾಣಿಯ ಹೆಸರು ಸ್ಪಷ್ಟವಾಗಿ ಇಲ್ಲದಿದ್ದರೆ ಬೇಡ. ನಮ್ಮಲ್ಲಿ ಸುಂಡಿಲಿ, ದೊಡ್ಡ ಇಲಿ ಎರಡಕ್ಕೂ 'ಇಲಿ' ಎಂದೇ ಹೇಳುವುದರಿಂದ ಆರ್ಡರ್ ಹಾಕುವಾಗಲೇ ತಪ್ಪುವುದುಂಟು. ಮೌಸ್ ಕಿಟ್ ಬೇರೆ, ರ‍್ಯಾಟ್ ಕಿಟ್ ಬೇರೆ.

ಮಾದರಿಯನ್ನು ಎಷ್ಟು ತೆಳುಗೊಳಿಸಬೇಕು?

ಮೊದಲ ತಟ್ಟೆಯನ್ನು ಇದನ್ನು ಕಂಡುಕೊಳ್ಳಲೆಂದೇ ಮೀಸಲಿಡಿ. ನಾಲ್ಕೈದು ಮಾದರಿಗಳನ್ನು ಆರಿಸಿ, ಪ್ರತಿಯೊಂದನ್ನೂ ಹತ್ತು, ಇಪ್ಪತ್ತು, ನಲವತ್ತು, ಎಂಬತ್ತು ಪಟ್ಟು ತೆಳುಗೊಳಿಸಿ ಓದಿ. ಇಪ್ಪತ್ತು ಪಟ್ಟು ತೆಳುಗೊಳಿಸಿದ್ದರಲ್ಲಿ 4.2 ನ್ಯಾನೊಗ್ರಾಂ ಬಂದರೆ ಮೂಲದಲ್ಲಿ 84. ನಲವತ್ತು ಪಟ್ಟಿನದರಲ್ಲಿ ಸುಮಾರು 2.1 ಬರಬೇಕು. ಗುಣಿಸಿ ನೋಡಿದಾಗ ಎಲ್ಲ ಹಂತಗಳಲ್ಲೂ ಉತ್ತರ ಶೇ. 20ರ ಒಳಗೆ ಹೊಂದಿಕೊಂಡರೆ ಆ ವ್ಯಾಪ್ತಿ ಸುರಕ್ಷಿತ. ತೆಳುವಾದಷ್ಟೂ ಉತ್ತರ ಏರುತ್ತಲೇ ಹೋದರೆ ಮಾದರಿಯಲ್ಲಿ ಏನೋ ಅಡ್ಡಿಯಿದೆ ಎಂದರ್ಥ.

ತೀರಾ ಹೆಚ್ಚು ಎಂಪಿಒ ಇರುವ ಮಾದರಿಯಲ್ಲಿ, ಅದರಲ್ಲೂ ಮಾದರಿ ಮತ್ತು ಎರಡನೆಯ ಪ್ರತಿಕಾಯವನ್ನು ಒಟ್ಟಿಗೆ ಹಾಕುವ ಕಿಟ್‌ಗಳಲ್ಲಿ, ಬಣ್ಣ ಏರುವ ಬದಲು ಇಳಿದುಬಿಡುವ ಅಪಾಯವಿದೆ. ಎರಡೂ ಪ್ರತಿಕಾಯಗಳು ಬೇರೆ ಬೇರೆ ಅಣುಗಳನ್ನು ಹಿಡಿದುಕೊಂಡು ಸ್ಯಾಂಡ್‌ವಿಚ್ ಕಟ್ಟಿಕೊಳ್ಳುವುದೇ ಇಲ್ಲ. ಕೀವು, ಕಫದಂಥ ಮಾದರಿಗಳಲ್ಲಿ ಇದನ್ನು ಮುಖ್ಯವಾಗಿ ಗಮನಿಸಬೇಕು.

'ಕೋಣೆಯ ತಾಪ' ಎಂದರೆ ಎಷ್ಟು?

ಹೆಚ್ಚಿನ ಕೈಪಿಡಿಗಳಲ್ಲಿ ಅದರ ಅರ್ಥ 20ರಿಂದ 25 ಡಿಗ್ರಿ ಸೆಲ್ಸಿಯಸ್. ರಾಯಚೂರು, ಕಲಬುರಗಿಗಳಲ್ಲಿ ಏಪ್ರಿಲ್-ಮೇ ತಿಂಗಳ ಹಗಲು 40 ಡಿಗ್ರಿ ದಾಟುತ್ತದೆ. ಎಸಿ ಇಲ್ಲದ ಪ್ರಯೋಗಾಲಯದ ಮೇಜು 33 ಡಿಗ್ರಿಯಲ್ಲಿ ಇರುವುದು ಅಲ್ಲಿ ವಿಶೇಷವೇನಲ್ಲ. ಅಷ್ಟು ಬಿಸಿಯಲ್ಲಿ ಬಣ್ಣ ಬೇಗ ಏರುತ್ತದೆ, ಹಿನ್ನೆಲೆಯೂ ಏರುತ್ತದೆ, ತಟ್ಟೆಯ ಅಂಚಿನ ವೆಲ್‌ಗಳು ನಡುವಿನವಕ್ಕಿಂತ ಬೇರೆಯಾಗಿ ವರ್ತಿಸುತ್ತವೆ. ಡಿಸೆಂಬರ್‌ನಲ್ಲಿ ಓಡಿಸಿದ ತಟ್ಟೆಗೂ ಮೇ ತಿಂಗಳಲ್ಲಿ ಓಡಿಸಿದ ತಟ್ಟೆಗೂ ಹೋಲಿಕೆ ತಪ್ಪುತ್ತದೆ. ಎಸಿ ಕೋಣೆ ಇಲ್ಲವಾದರೆ 25 ಡಿಗ್ರಿಗೆ ಹೊಂದಿಸಿದ ತಂಪು ಇನ್‌ಕ್ಯುಬೇಟರ್ ಬಳಸಬಹುದು. ತಟ್ಟೆಗೆ ಅಂಟುಹಾಳೆ ಮುಚ್ಚುವುದನ್ನು ಬಿಡಬೇಡಿ. ಕಿಟ್‌ನ ದ್ರಾವಣಗಳನ್ನು ಫ್ರಿಜ್ಜಿನಿಂದ ತೆಗೆದ ಕೂಡಲೇ ಬಳಸದೆ, ಅರ್ಧ ಗಂಟೆಯಷ್ಟು ಹೊತ್ತು ಕೋಣೆಯ ತಾಪಕ್ಕೆ ಬರಲು ಬಿಡಿ.

ಇಡೀ ತಟ್ಟೆ ನೀಲಿಯಾಗಿದೆ. ಏಕೆ?

ಹತ್ತರಲ್ಲಿ ಎಂಟು ಸಲ ತೊಳೆಯುವುದರಲ್ಲಿ ಕೊರತೆಯಾಗಿರುತ್ತದೆ ಎಂಬುದು ನನ್ನ ಅನುಭವ. ಪ್ರತಿ ವೆಲ್‌ಗೂ ಸುಮಾರು 300 ಮೈಕ್ರೋಲೀಟರ್ ದ್ರಾವಣ ತುಂಬಬೇಕು, ಅರ್ಧ ನಿಮಿಷ ನಿಲ್ಲಿಸಬೇಕು, ಪೂರ್ತಿ ಚೆಲ್ಲಬೇಕು, ಕೊನೆಯಲ್ಲಿ ತಟ್ಟೆಯನ್ನು ದಪ್ಪ ಟಿಶ್ಯೂ ಕಾಗದದ ಮೇಲೆ ಬೋರಲು ಹಾಕಿ ಬಲವಾಗಿ ಬಡಿಯಬೇಕು. ತೊಳೆಯುವ ಯಂತ್ರವಿದ್ದರೆ ಅದರ ಯಾವುದಾದರೂ ನಳಿಕೆ ಕಟ್ಟಿಕೊಂಡಿದೆಯೇ ಎಂದು ಮೊದಲು ನೀರು ಹಾಕಿ ನೋಡಿ. ಒಂದೇ ಸಾಲಿನ ವೆಲ್‌ಗಳು ಮಾತ್ರ ಗಾಢವಾಗಿದ್ದರೆ ಕಾರಣ ಅದೇ. ಟಿಎಂಬಿ ಸೀಸೆಯೊಳಗೇ ನೀಲಿ ತಿರುಗಿದ್ದರೆ ಅದು ಕಲುಷಿತವಾಗಿದೆ, ಎಸೆಯಿರಿ. ಟಿಎಂಬಿಗೂ ಪೆರಾಕ್ಸಿಡೇಸ್ ದ್ರಾವಣಕ್ಕೂ ಒಂದೇ ತೊಟ್ಟಿ ಬಳಸುವುದು ಇದಕ್ಕೆ ಸಾಮಾನ್ಯ ಕಾರಣ.

ಬಣ್ಣವೇ ಬಾರದಿದ್ದರೆ ಯಾವುದೋ ದ್ರಾವಣ ಹಾಕಲು ಮರೆತಿರಬಹುದು, ಅಜೈಡ್ ಇರಬಹುದು, ಕಿಟ್ ಸಾಗಣೆಯಲ್ಲಿ ಬಿಸಿಲಿಗೆ ಸಿಕ್ಕಿರಬಹುದು.

ಸ್ಟ್ಯಾಂಡರ್ಡ್ ರೇಖೆಯನ್ನು ಹೇಗೆ ಎಳೆಯಬೇಕು?

ಸ್ಟ್ಯಾಂಡರ್ಡ್ ಎಂದರೆ ಎಂಪಿಒ ಸಾಂದ್ರತೆ ಮೊದಲೇ ಗೊತ್ತಿರುವ ದ್ರಾವಣ; ಅವುಗಳ ಓದುಗಳಿಂದ ಎಳೆದ ರೇಖೆಯಿಂದಲೇ ಮಾದರಿಯ ಸಾಂದ್ರತೆ ತಿಳಿಯುತ್ತದೆ. ಇದಕ್ಕೆ ಸರಳ ರೇಖೆ ಬೇಡ. ಎಲೈಸಾದ ಬಣ್ಣ ಮತ್ತು ಸಾಂದ್ರತೆಯ ಸಂಬಂಧ ಎರಡೂ ತುದಿಗಳಲ್ಲಿ ಚಪ್ಪಟೆಯಾಗುವ ಎಸ್ ಆಕಾರದ್ದು. ಅದಕ್ಕೆ ನಾಲ್ಕು ಮಾಪಕಗಳ ಲಾಜಿಸ್ಟಿಕ್ ರೇಖೆ ಹೊಂದುತ್ತದೆ. ಪ್ಲೇಟ್ ರೀಡರ್‌ನ ತಂತ್ರಾಂಶದಲ್ಲೇ ಸಾಮಾನ್ಯವಾಗಿ ಈ ಆಯ್ಕೆ ಇರುತ್ತದೆ. 'ಆರ್ ವರ್ಗ 0.99 ಬಂತು' ಎಂಬುದರಿಂದ ತೃಪ್ತರಾಗಬಾರದು. ಪ್ರತಿ ಸ್ಟ್ಯಾಂಡರ್ಡಿನ ಓದನ್ನು ರೇಖೆಗೆ ಮರಳಿ ಹಾಕಿ, ಬಂದ ಸಾಂದ್ರತೆಯು ನಿಜವಾದ ಸಾಂದ್ರತೆಗೆ ಎಷ್ಟು ಹತ್ತಿರವಿದೆ ಎಂದು ನೋಡುವುದೇ ಸರಿಯಾದ ಪರೀಕ್ಷೆ. ಅತ್ಯಧಿಕ ಸ್ಟ್ಯಾಂಡರ್ಡಿಗಿಂತ ಮೇಲೆ ಓದಿದ ಮಾದರಿಗೆ ರೇಖೆಯನ್ನು ಮುಂದಕ್ಕೆ ಎಳೆದು ಸಂಖ್ಯೆ ಕೊಡುವಂತಿಲ್ಲ. ಮತ್ತಷ್ಟು ತೆಳುಗೊಳಿಸಿ ಇನ್ನೊಮ್ಮೆ ಓದಬೇಕು. ಪ್ರತಿ ತಟ್ಟೆಗೂ ತನ್ನದೇ ರೇಖೆ ಇರಬೇಕು, ಹಿಂದಿನ ವಾರದ ರೇಖೆ ಇಂದಿನ ತಟ್ಟೆಗೆ ಸಲ್ಲುವುದಿಲ್ಲ.

ಒಂದು ಕಿಟ್‌ನಲ್ಲಿ ಎಷ್ಟು ಮಂದಿಯ ಮಾದರಿ ನೋಡಬಹುದು?

ತೊಂಬತ್ತಾರು ಅಲ್ಲ. ಸೊನ್ನೆಯೂ ಸೇರಿ ಎಂಟು ಸ್ಟ್ಯಾಂಡರ್ಡ್‌ಗಳು ಎರಡೆರಡು ವೆಲ್‌ನಂತೆ ಹದಿನಾರು, ಎರಡು ನಿಯಂತ್ರಣ ಮಾದರಿಗಳಿಗೆ ನಾಲ್ಕು. ಉಳಿದ 76 ವೆಲ್‌ಗಳಲ್ಲಿ ಜೋಡಿ ಓದಿನಂತೆ 38 ಮಂದಿ. ಹಣ ಉಳಿಸಲು ಒಂಟಿ ವೆಲ್ ಓದುವವರಿದ್ದಾರೆ. ಹಾಗೆ ಮಾಡಿದರೆ ಪಿಪೆಟ್ಟಿನ ತಪ್ಪನ್ನು ಕಂಡುಹಿಡಿಯುವ ದಾರಿಯೇ ಇರುವುದಿಲ್ಲ. ಜೋಡಿಯ ನಡುವಿನ ಏರುಪೇರು ಶೇ. 10 ದಾಟಿದರೆ, ನಿಯಂತ್ರಣ ಮಾದರಿಯ ಓದು ತಟ್ಟೆಯಿಂದ ತಟ್ಟೆಗೆ ಶೇ. 15ಕ್ಕಿಂತ ಹೆಚ್ಚು ಬದಲಾದರೆ, ಮುಂದುವರಿಯದೆ ಕಾರಣ ಹುಡುಕಿ. ರೋಗಿಗಳನ್ನೆಲ್ಲ ಒಂದು ತಟ್ಟೆಯಲ್ಲಿ, ಆರೋಗ್ಯವಂತರನ್ನೆಲ್ಲ ಇನ್ನೊಂದರಲ್ಲಿ ಇಡಬೇಡಿ. ಎರಡೂ ಗುಂಪುಗಳನ್ನು ಪ್ರತಿ ತಟ್ಟೆಯಲ್ಲೂ ಬೆರೆಸಿ.

ರೋಗಿಯ ರಕ್ತದಲ್ಲೇ ಇರುವ ಯಾವ ವಸ್ತುಗಳು ಫಲಿತಾಂಶ ಕೆಡಿಸುತ್ತವೆ?

ರುಮಟಾಯ್ಡ್ ಅಂಶ ಮತ್ತು ಪ್ರಾಣಿಗಳ ಪ್ರತಿಕಾಯಕ್ಕೆ ಅಂಟುವ ಮಾನವ ಪ್ರತಿಕಾಯಗಳು, ಎಂಪಿಒ ಇಲ್ಲದೆಯೇ ಕಿಟ್‌ನ ಎರಡು ಪ್ರತಿಕಾಯಗಳನ್ನು ಸೇತುವೆಯಂತೆ ಜೋಡಿಸಿ ಸುಳ್ಳು ಏರಿಕೆ ತೋರಿಸಬಲ್ಲವು. ಸಂಧಿವಾತದ ಅಧ್ಯಯನ ಮಾಡುವವರು ಇದನ್ನು ಲಘುವಾಗಿ ಕಾಣಬಾರದು. ಕೆಲವು ರಕ್ತನಾಳದ ಉರಿಯೂತಗಳಲ್ಲಿ ರೋಗಿಯ ದೇಹವೇ ಎಂಪಿಒ ವಿರುದ್ಧ ಪ್ರತಿಕಾಯಗಳನ್ನು ತಯಾರಿಸುತ್ತದೆ. ಅವು ಎಂಪಿಒವನ್ನು ಮರೆಮಾಡಿ ಸುಳ್ಳು ಇಳಿಕೆ ತೋರಿಸಬಹುದು. ಕೂದಲು, ಉಗುರಿಗೆಂದು ಹೆಚ್ಚು ಪ್ರಮಾಣದಲ್ಲಿ ಬಯೋಟಿನ್ ಮಾತ್ರೆ ತೆಗೆದುಕೊಳ್ಳುವವರ ರಕ್ತದ ಬಯೋಟಿನ್ ಇಂಥ ಪರೀಕ್ಷೆಗಳ ಫಲಿತಾಂಶ ಕೆಡಿಸಬಹುದೆಂದು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆಯಾದ ಎಫ್‌ಡಿಎ 2017ರಲ್ಲಿ ಎಚ್ಚರಿಕೆ ಕೊಟ್ಟಿತ್ತು. ಮಾದರಿಯನ್ನು ತೊಳೆದ ಬಳಿಕವೇ ಬಯೋಟಿನ್ ಪ್ರತಿಕಾಯ ಹಾಕುವ ಕಿಟ್‌ಗಳಲ್ಲಿ ಈ ತೊಂದರೆ ಕಡಿಮೆ. ಆದರೂ ಪ್ರಶ್ನಾವಳಿಯಲ್ಲಿ ಒಂದು ಸಾಲು ಸೇರಿಸಿ ಕೇಳುವುದರಿಂದ ನಷ್ಟವಿಲ್ಲ.

ಇನ್ನೊಂದು ಸಂಗತಿ: ಹುಟ್ಟಿನಿಂದಲೇ ಎಂಪಿಒ ಕೊರತೆ ಇರುವವರಿದ್ದಾರೆ, ಅವರಲ್ಲಿ ಬಹುತೇಕರಿಗೆ ಯಾವ ತೊಂದರೆಯೂ ಇರುವುದಿಲ್ಲ. ಒಂದು ಮಾದರಿ ಪದೇ ಪದೇ ತೀರಾ ಕಡಿಮೆ ಓದಿದರೆ ಅದು ತಪ್ಪೇ ಎಂದು ತೆಗೆದುಹಾಕುವ ಮೊದಲು ಈ ಸಾಧ್ಯತೆಯನ್ನೂ ಯೋಚಿಸಿ.

ಎಂಪಿಒ-ಆಂಕಾ ಪರೀಕ್ಷೆಯೂ ಇದೂ ಒಂದೇಯೇ?

ಅಲ್ಲ, ಒಂದಕ್ಕೊಂದು ತಿರುಗುಮುರುಗು. ಆಂಕಾ ಎಂದರೆ ನ್ಯೂಟ್ರೋಫಿಲ್‌ನ ಒಳಗಿನ ಪ್ರೋಟೀನುಗಳ ವಿರುದ್ಧ ರೋಗಿಯ ದೇಹವೇ ತಯಾರಿಸುವ ಪ್ರತಿಕಾಯಗಳು. ಆಂಕಾ ಪರೀಕ್ಷೆಯಲ್ಲಿ ವೆಲ್‌ಗೆ ಎಂಪಿಒವನ್ನೇ ಲೇಪಿಸಿ ರೋಗಿಯ ಪ್ರತಿಕಾಯವನ್ನು ಹುಡುಕುತ್ತಾರೆ. ಆರ್ಡರ್ ಕೊಡುವಾಗ 'ಎಂಪಿಒ ಎಲೈಸಾ' ಎಂದಷ್ಟೇ ಬರೆದರೆ ತಪ್ಪು ಪೆಟ್ಟಿಗೆ ಬರಬಹುದು.

ಬೇರೆ ಅಧ್ಯಯನದ ಸಂಖ್ಯೆಗಳಿಗೂ ನಮ್ಮದಕ್ಕೂ ತಾಳೆಯಾಗುತ್ತಿಲ್ಲ. ಯಾವುದು ಸರಿ?

ಎರಡೂ ಸರಿಯಿರಬಹುದು. ಪ್ರತಿ ತಯಾರಕರ ಪ್ರತಿಕಾಯಗಳು ಬೇರೆ, ಸ್ಟ್ಯಾಂಡರ್ಡ್ ತಯಾರಿಸಿದ ಬಗೆ ಬೇರೆ. ಮೊದಲು ಮಾನ ನೋಡಿ: ಕೆಲವರು ಪಿಕೊಮೋಲ್‌ನಲ್ಲಿ ಬರೆಯುತ್ತಾರೆ. ಎಂಪಿಒದ ಅಣುತೂಕವನ್ನು ಸುಮಾರು 1,46,000 ಎಂದು ಹಿಡಿದರೆ ಮಿಲಿಲೀಟರಿಗೆ 1 ನ್ಯಾನೊಗ್ರಾಂ ಎಂದರೆ ಲೀಟರಿಗೆ ಸುಮಾರು 6.8 ಪಿಕೊಮೋಲ್. ಆಮೇಲೆ ಸೀರಮ್ಮೋ ಪ್ಲಾಸ್ಮಾವೋ ನೋಡಿ. ಆಮೇಲೂ ವ್ಯತ್ಯಾಸ ಉಳಿದರೆ ಬೇರೆಯವರ ಗಡಿ ಸಂಖ್ಯೆಯನ್ನು ಎರವಲು ತರದೆ, ನಿಮ್ಮದೇ ಆರೋಗ್ಯವಂತರ ಗುಂಪಿನೊಂದಿಗೆ ಹೋಲಿಸಿ. ಎರಡೂ ಗುಂಪುಗಳ ನ್ಯೂಟ್ರೋಫಿಲ್ ಎಣಿಕೆಯನ್ನೂ ಪಕ್ಕದಲ್ಲೇ ಕೊಡಿ.

ಈ ಕಿಟ್‌ನ ಫಲಿತಾಂಶವನ್ನು ರೋಗಿಯ ವರದಿಯಲ್ಲಿ ಬರೆದುಕೊಡಬಹುದೇ?

ಪೆಟ್ಟಿಗೆಯ ಮೇಲೆ 'ಸಂಶೋಧನೆಗೆ ಮಾತ್ರ' ಎಂದಿದ್ದರೆ ಖಂಡಿತ ಕೂಡದು. ಭಾರತದಲ್ಲಿ ರೋಗನಿರ್ಣಯದ ಕಿಟ್‌ಗಳು 2018ರ ಜನವರಿಯಿಂದ ಜಾರಿಯಲ್ಲಿರುವ 2017ರ ವೈದ್ಯಕೀಯ ಸಾಧನಗಳ ನಿಯಮಗಳ ವ್ಯಾಪ್ತಿಗೆ ಬರುತ್ತವೆ. ಆ ಪರವಾನಗಿ ಇಲ್ಲದ ಕಿಟ್‌ನ ಸಂಖ್ಯೆಯ ಮೇಲೆ ಯಾರ ಚಿಕಿತ್ಸೆಯೂ ನಿರ್ಧಾರವಾಗಬಾರದು. ರೋಗಿಯ ಮನೆಯವರು ಒತ್ತಾಯಿಸಿ ಕೇಳಿದಾಗಲೂ ಇದನ್ನು ಸಮಾಧಾನದಿಂದ ವಿವರಿಸಿ ಹೇಳಬೇಕು. ಸಂಶೋಧನೆಗಾಗಿ ರಕ್ತ ತೆಗೆಯಲು ಸಂಸ್ಥೆಯ ನೈತಿಕ ಸಮಿತಿಯ ಒಪ್ಪಿಗೆ ಮತ್ತು ರೋಗಿಗೆ ಅರ್ಥವಾಗುವ ಭಾಷೆಯಲ್ಲಿ ಬರೆದ ಸಮ್ಮತಿ ಪತ್ರ, ಎರಡೂ ಬೇಕು.

ಬಳಸಿದ ತಟ್ಟೆಯನ್ನು ಹೇಗೆ ವಿಲೇವಾರಿ ಮಾಡಬೇಕು?

ಎಲ್ಲ ಮಾದರಿಗಳನ್ನೂ ಸೋಂಕಿರಬಹುದಾದವು ಎಂದೇ ಭಾವಿಸಿ ಕೈಗವಸು ಹಾಕಿ ಕೆಲಸ ಮಾಡಿ. ಸಂಸ್ಥೆಯ ಜೈವಿಕ ವೈದ್ಯಕೀಯ ತ್ಯಾಜ್ಯದ ಕ್ರಮವನ್ನು ಅನುಸರಿಸಿ. ಒಂದು ಅಪಾಯವನ್ನು ಒತ್ತಿ ಹೇಳಬೇಕಾಗಿದೆ: ನಿಲುಗಡೆ ದ್ರಾವಣ ಸಲ್ಫ್ಯೂರಿಕ್ ಆಮ್ಲ. ಅದಿನ್ನೂ ವೆಲ್‌ಗಳಲ್ಲಿ ಇರುವಾಗಲೇ ತಟ್ಟೆಯನ್ನು ಬ್ಲೀಚ್ ದ್ರಾವಣದಲ್ಲಿ ಮುಳುಗಿಸಿದರೆ ವಿಷಕಾರಿ ಕ್ಲೋರಿನ್ ಅನಿಲ ಏಳುತ್ತದೆ. ಆಮ್ಲದ ದ್ರವವನ್ನು ಬೇರೆಯಾಗಿ ಸಂಗ್ರಹಿಸಿ, ಬ್ಲೀಚ್ ಅದರ ಹತ್ತಿರಕ್ಕೂ ಬಾರದಂತೆ ನೋಡಿಕೊಳ್ಳಿ. ಅಜೈಡ್ ಇರುವ ದ್ರಾವಣವನ್ನು ಸಿಂಕಿಗೆ ಸುರಿಯಬೇಡಿ. ಸೀಸ ಮತ್ತು ತಾಮ್ರದ ಕೊಳವೆಗಳಲ್ಲಿ ಅದು ಸ್ಫೋಟಕ ಲವಣವಾಗಿ ಕೂಡಿಕೊಳ್ಳುತ್ತದೆ.

ಉಳಿದ ಪಟ್ಟಿಗಳನ್ನು ಇನ್ನೊಂದು ಕಿಟ್‌ನೊಂದಿಗೆ ಸೇರಿಸಿ ಬಳಸಬಹುದೇ?

ಲಾಟ್ ಸಂಖ್ಯೆ (ಒಟ್ಟಿಗೆ ತಯಾರಾದ ಕಿಟ್‌ಗಳ ಗುರುತು) ಒಂದೇ ಆಗಿದ್ದರೆ, ಪಟ್ಟಿಗಳನ್ನು (ತಟ್ಟೆಯಿಂದ ಬಿಡಿಸಬಹುದಾದ ವೆಲ್ ಸಾಲುಗಳು) ತೇವ ಹೀರುವ ಪೊಟ್ಟಣದೊಂದಿಗೆ ಚೀಲದಲ್ಲಿ ಮುಚ್ಚಿ ಫ್ರಿಜ್ಜಿನಲ್ಲಿ ಇಟ್ಟಿದ್ದರೆ, ಕೈಪಿಡಿ ಹೇಳುವ ಅವಧಿಯೊಳಗೆ ಬಳಸಬಹುದು. ಲಾಟ್ ಬೇರೆಯಾದರೆ ಪಟ್ಟಿಗಳನ್ನಾಗಲಿ ದ್ರಾವಣಗಳನ್ನಾಗಲಿ ಬೆರೆಸಬಾರದು. ಅಧ್ಯಯನಕ್ಕೆ ಒಟ್ಟು ಎಷ್ಟು ಕಿಟ್ ಬೇಕೆಂದು ಮೊದಲೇ ಲೆಕ್ಕ ಹಾಕಿ, ಎಲ್ಲವೂ ಒಂದೇ ಲಾಟ್‌ನವು ಸಿಗುವಂತೆ ಸರಬರಾಜುದಾರರಿಂದ ಬರಹದಲ್ಲಿ ಖಚಿತಪಡಿಸಿಕೊಳ್ಳಿ. ಕರಗಿಸಿದ ಸ್ಟ್ಯಾಂಡರ್ಡನ್ನು ಮಾತ್ರ, ಕೈಪಿಡಿ ಬೇರೆ ಹೇಳದ ಹೊರತು, ಅದೇ ದಿನ ಬಳಸಿ ಮುಗಿಸಿ.